ಕೇಳದೆ ನಡೆದ ದಾರಿ

೮ ಮಾರ್ಚ್ ೧೯೫೯, ಆದಿತ್ಯವಾರ

ಇಂದು ಸಭೆಯ ನಡುವೆ ಬಾಯಿ ಕಟ್ಟಿತು.

ಶಾಲೆಯ ಹಾಲಿನಲ್ಲಿ ನಮ್ಮ ಸಂಘದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಎದುರಿನವನ ಜೊತೆ ವಾದ ಮಾಡಬೇಕು, ಮಾತೊಂದೇ ಬಂಡವಾಳ. ಮೂವತ್ತನಾಲ್ಕು ವರ್ಷದಿಂದ ಬೆಳ್ಳಾರೆಯಲ್ಲಿ ಅರ್ಥ ಹೇಳುತ್ತಿದ್ದೇನೆ. ಇಂದು ಒಂದು ಶ್ಲೋಕದ ಮೂರನೆಯ ಪಾದ ಮುಗಿಸಿ ನಾಲ್ಕನೆಯದಕ್ಕೆ ಕೈಚಾಚಿದರೆ ಅಲ್ಲಿ ಏನೂ ಇರಲಿಲ್ಲ. ಭಾಗವತ ಶ್ಯಾಮ ಭಟ್ಟರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿ ನನ್ನನ್ನು ಉಳಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿ ಕಮಲಾವತಿ, "ಐವತ್ತೆಂಟು ಆತಲ್ಲ ನಿಮ್ಗೆ. ಒಂದು ಶ್ಲೋಕ ಮರ್ತ್ರೆ ಎಂತ ಆತ್?" ಎಂದಳು.

ಏನಾಯಿತೆಂದು ಅವಳಿಗೆ ಗೊತ್ತಿಲ್ಲವೇ? ಐದು ವಾರದಲ್ಲಿ ನಾನು ಪುತ್ತೂರಿನ ಮುನ್ಸೀಫ್ ಕೋರ್ಟಿನಲ್ಲಿ ಸಾಕ್ಷಿ ನಿಲ್ಲಬೇಕು. ದೇವಮ್ಮನ ದಾರಿಯ ಮೊಕದ್ದಮೆ. ಕಳೆದ ನವೆಂಬರಿನಲ್ಲಿ ಪಕ್ಕದ ಜಾಗದ ಮಹಾಬಲ ಆ ದಾರಿಗೆ ಬೇಲಿ ಹಾಕಿದ. ಗಂಡ ಸತ್ತ ಹೆಂಗಸು, ಎರಡು ದನ ಕಟ್ಟಿಕೊಂಡು ಪೇಟೆಯ ಹೋಟೆಲಿಗೆ ಹಾಲು ಕೊಟ್ಟು ಬದುಕುತ್ತಾಳೆ. ಆ ದಾರಿಯಲ್ಲಿ ಬಂದರೆ ಪೇಟೆಗೆ ಹತ್ತು ನಿಮಿಷ. ಅದಿಲ್ಲದಿದ್ದರೆ ಹೊಳೆ ದಾಟಿ ಗುಡ್ಡ ಸುತ್ತಿ ಒಂದು ಗಂಟೆ; ಮಳೆ ಬಂದ ಮೇಲೆ ಹೊಳೆ ದಾಟುವ ಹಾಗೂ ಇಲ್ಲ. ಆಗ ಅವಳು ಜಾಗ ಬಿಟ್ಟು ಹೋಗುತ್ತಾಳೆ, ಮಹಾಬಲ ತೆಗೆದುಕೊಳ್ಳುತ್ತಾನೆ. ಉದ್ದೇಶವೇ ಅದು. ಇದು ಊರಿಗೆಲ್ಲ ಗೊತ್ತು, ಹೇಳುವವರು ಒಬ್ಬರೂ ಇಲ್ಲ. ಹಳಬರಲ್ಲಿ ಉಳಿದವನು ನಾನೊಬ್ಬ.

೧೧ ಮಾರ್ಚ್, ಬುಧವಾರ

ವಕೀಲ ರಾಧಾಕೃಷ್ಣರು ಪುತ್ತೂರಿನಿಂದ ಬಂದಿದ್ದರು. ದೇವಮ್ಮನ ಪರ ನಿಂತಿದ್ದಾರೆ. ಒಳ್ಳೆಯ ಮನುಷ್ಯ, ಕಾನೂನನ್ನು ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಾರೆ.

"ನೋಡಿ ಮಾಷ್ಟ್ರೆ, ಇಪ್ಪತ್ತು ವರ್ಷ ಯಾರನ್ನೂ ಕೇಳದೆ ನಡೆದ ದಾರಿ ಹಕ್ಕಿನ ದಾರಿ. ಕೇಳಿ ನಡೆದದ್ದಾದರೆ ಅದು ದಾಕ್ಷಿಣ್ಯ. ಕೊಟ್ಟವ ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು. ನಮ್ಮ ಕೇಸೆಲ್ಲ ಇಷ್ಟೇ. ನೀವು ಮೂವತ್ತೊಂದರಲ್ಲಿ ಅಲ್ಲಿ ನಡೆದಿದ್ದೀರಿ. ಆಗ ದಾರಿ ಇತ್ತು, ಯಾರೂ ಕೇಳುವ ಕ್ರಮ ಇರಲಿಲ್ಲ. ಇದನ್ನು ಹೇಳಿದರೆ ಸಾಕು. ಇದಕ್ಕಿಂತ ಒಂದು ಶಬ್ದ ಹೆಚ್ಚು ಬೇಡ."

ನೆನಪು ಹಸಿಯಾಗಿದ್ದಾಗಲೇ ಬರೆದಿಡುತ್ತೇನೆ. ೧೯೩೧ರ ಫೆಬ್ರವರಿ, ಜನಗಣತಿ. ನಾವು ಮಾಷ್ಟ್ರುಗಳೇ ಗಣತಿದಾರರು. ಗದ್ದೆಯ ಬದು, ಕಟ್ಟಪುಣಿ ಹತ್ತಿ, ಈಗಿನ ಮಹಾಬಲನ ತಂದೆ ದೂಮಣ್ಣರ ಮನೆಯ ಕೆಳಗಿನಿಂದ ಆ ದಾರಿಯಲ್ಲಿ ನಡೆದು ದೇವಮ್ಮನ ಮಾವನ ಮನೆಗೆ ಹೋದೆ. ಬಾಗಿಲಿಗೆ ಕೆಮ್ಮಣ್ಣಿನಲ್ಲಿ ನಂಬರು ಬರೆದೆ. ಆಗ ಹದಿನೆಂಟರ ಸೊಸೆಯಾಗಿದ್ದ ದೇವಮ್ಮ ಮಜ್ಜಿಗೆ ಕೊಟ್ಟಳು. ದೂಮಣ್ಣರ ಮನೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅವರ ಅಂಗಳದಲ್ಲಿ ಯಾರನ್ನೂ ಕಾಣಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಇಷ್ಟೇ.

ನನ್ನನ್ನು ನಾನೇ ಪರೀಕ್ಷಿಸಿಕೊಂಡೆ. ೧೯೩೪ರ ಐದನೆಯ ತರಗತಿಯ ಹಾಜರಿ ಪುಸ್ತಕದ ನಕಲು ನನ್ನಲ್ಲಿದೆ. ಕಮಲಾವತಿ ಇಪ್ಪತ್ತು ನಂಬರು ಓದಿದಳು, ನಾನು ಹೆಸರು ಹೇಳಿದೆ. ಹದಿನೇಳು ಸರಿ. ಮೂರು ತಪ್ಪು. ಈ ಮೂರರಲ್ಲಿ ಒಂದು ಕೋರ್ಟಿನಲ್ಲಿ ಬಂದರೆ?

೧೪ ಮಾರ್ಚ್, ಶನಿವಾರ

ಓದುವ ಕೋಣೆಗೆ ಬರುವ ಇಂಗ್ಲಿಷ್ ಮಾಸಿಕದ ಹಳೆಯ ಸಂಚಿಕೆಯಲ್ಲಿ ಒಂದು ಲೇಖನ ಇತ್ತು. ಆಂಫೆಟಮಿನ್ ಎಂಬ ಮಾತ್ರೆ. ಯುದ್ಧದಲ್ಲಿ ವಿಮಾನ ಹಾರಿಸುವವರಿಗೆ ಕೊಡುತ್ತಿದ್ದರಂತೆ. ವಿಲಾಯತಿಯ ವಿದ್ಯಾರ್ಥಿಗಳು ಪರೀಕ್ಷೆಗೆ ನುಂಗುತ್ತಾರಂತೆ. ರೋಗವಿಲ್ಲದವರೂ ತೆಗೆದುಕೊಳ್ಳುತ್ತಾರೆ, ಮಿದುಳು ಚುರುಕಾಗುತ್ತದೆ. ಇಂಥದ್ದು ನಮ್ಮ ಜನರಿಗೆ ತಿಳಿಯುವುದು ಇಪ್ಪತ್ತು ವರ್ಷದ ಮೇಲೆ. ಹೈಸ್ಕೂಲು ಕೇಳಿದರೆ ಅರ್ಜಿ ಮೊದಲು ಮದ್ರಾಸಿಗೆ ಹೋಗಿ ಕೊಳೆಯುತ್ತಿತ್ತು, ಈಗ ಬೆಂಗಳೂರಿಗೆ ಹೋಗಿ ಕೊಳೆಯುತ್ತದೆ. ಮಿದುಳಿನ ವಿಚಾರ ಯಾರಿಗೆ ಬೇಕು.

ಪೇಟೆಯಲ್ಲಿ ಮದ್ದಿನ ಅಂಗಡಿ ಇಟ್ಟಿರುವ ಅಹ್ಮದ್ ಕುಂಞಿ ನನ್ನ ಶಿಷ್ಯ. ಮಿಲಿಟರಿಯ ಆಸ್ಪತ್ರೆ ದಳದಲ್ಲಿದ್ದು ಬರ್ಮಾ ಕಂಡು ಬಂದವನು. ಕೇಳಿದೆ.

"ಉಂಟು ಮಾಷ್ಟ್ರೆ. ಡಾಕ್ಟ್ರು ಒಬ್ಬ ನಿದ್ದೆ ರೋಗದವನಿಗೆ ತರಿಸಿದ್ದು ಡಬ್ಬಿಯಲ್ಲಿ ಉಳಿದಿದೆ. ನಿಮಗೆ ಎಂತಕ್ಕೆ?"

"ನೆನಪಿಗೆ."

"ಇದು ನಿದ್ದೆ ಓಡಿಸುದು. ಬುದ್ಧಿ ಕೊಡುದಲ್ಲ. ನಾನು ಕೈಯಾರೆ ಹಂಚಿದವ ಅಲ್ವಾ. ನಮ್ಮದೊಬ್ಬ ಡ್ರೈವರ್ ಇದ್ದ. ಎರಡನೇ ದಿನ ಅವನಷ್ಟು ಹುಷಾರು ಯಾರೂ ಇಲ್ಲ. ಮೂರನೇ ದಿನ ಎದುರು ಸೇತುವೆ ಉಂಟು ಅಂತ ಹೇಳಿ ಲಾರಿಯನ್ನು ನೀರಿಗೆ ಇಳಿಸಿದ. ಎಳೆದು ಹಾಕಿದ ಮೇಲೂ ಹೇಳುದು, ಸೇತುವೆ ಇತ್ತು, ನೀವು ಸರಿ ನೋಡ್ಲಿಲ್ಲ ಅಂತ."

"ಅವ ಶಾಲೆಗೆ ಹೋದವನಾ?"

ಅಹ್ಮದ್ ಕುಂಞಿ ನಕ್ಕ. "ಹೋಗಿರ್ಲಿಕ್ಕಿಲ್ಲ. ನಿಮ್ಮ ಶಾಲೆಗೆ ಅಂತೂ ಅಲ್ಲ."

"ಹಾಗಾದರೆ ಕಟ್ಟು."

"ಮಾಷ್ಟ್ರು ಕೇಳಿದ್ರೆ ಇಲ್ಲ ಹೇಳ್ಲಿಕ್ಕೆ ನಾಲಿಗೆ ಏಳುದಿಲ್ಲ. ಅದೇ ತೊಂದರೆ." ಆದರೂ ಹದಿನೈದೇ ಕೊಟ್ಟ. ದಿನಕ್ಕೆ ಅರ್ಧ, ಅದೂ ಬೆಳಿಗ್ಗೆ ಎಂದ.

೧೬ ಮಾರ್ಚ್, ಸೋಮವಾರ

ಬೆಳಿಗ್ಗೆ ಏಳಕ್ಕೆ ತೆಗೆದುಕೊಂಡೆ. ಅರ್ಧ ಅಲ್ಲ, ಒಂದು. ಅರ್ಧದಲ್ಲಿ ಯಾವ ಪರೀಕ್ಷೆಯೂ ಆಗುವುದಿಲ್ಲ. ಎಂಟೂಕಾಲಕ್ಕೆ ಒರೆಸಿದ ಕನ್ನಡಕ ಹಾಕಿದ ಹಾಗಾಯಿತು. ಉತ್ಪ್ರೇಕ್ಷೆಯಲ್ಲ. ಅಂಗಳದ ತುಳಸಿಕಟ್ಟೆಯ ಮೇಲೆ ಓಡುವ ಇರುವೆಗಳು ಒಂದೊಂದೂ ಒಂದು ಕೆಲಸಕ್ಕೆ ಹೋಗುತ್ತಿರುವುದು ಕಂಡಿತು. ಅಂದು ಸಭೆಯಲ್ಲಿ ಕೈಕೊಟ್ಟ ಶ್ಲೋಕ ಮಾತ್ರವಲ್ಲ, ಅದರ ಹಿಂದಿನದು, ಮುಂದಿನದು, ಅದನ್ನು ನಾನು ಕಲಿತ ದಿನ, ಕಲಿಸಿದವರ ಕೆಮ್ಮು, ಎಲ್ಲ ಸಾಲಾಗಿ ಬಂತು. ಮಂಗಳೂರಿನ ಪತ್ರಿಕೆಗೆ ಮೂರು ಪತ್ರ ಬರೆದೆ: ಸುಳ್ಯದ ಬಸ್ಸು ಪುತ್ತೂರಿನ ಬಸ್ಸು ಹೊರಟ ಮೇಲೆಯೇ ಬಂದು ಮುಟ್ಟುವ ವಿಷಯ ಒಂದು, ೧೯೩೮ರಲ್ಲಿ ಅಳತೆ ಮಾಡಿ ಕಲ್ಲು ನೆಟ್ಟು ಹೋದವರು ಇನ್ನೂ ಬಾರದ ಸೇತುವೆಯ ವಿಷಯ ಒಂದು, ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ಕುಮಾರಧಾರೆಯನ್ನು ತಪ್ಪು ದಿಕ್ಕಿಗೆ ಹರಿಸಿದ ವಿಷಯ ಒಂದು. ಇಪ್ಪತ್ತು ವರ್ಷದ ಪತ್ರಿಕೆಯ ತುಂಡುಗಳನ್ನು ಕಪಾಟಿನಿಂದ ಹೊರಗೆ ತೆಗೆದು ವಿಷಯವಾರು ವಿಂಗಡಿಸಲು ಆರಂಭಿಸಿದೆ. ಚಾವಡಿ ತುಂಬ ಹರಡಿದೆ. ನಾಳೆ ಮುಗಿಸುತ್ತೇನೆ.

ಊಟ ಬೇಡವಾಯಿತು. ಬಾಯಿ ಒಣಗುತ್ತದೆ, ಅಷ್ಟೇ. ಕಮಲಾವತಿ, "ಎಂತ ಇದು, ಪೇಪರಿನ ಮೇಲೆ ಕಾಲಿಟ್ಟು ನಡೀಕಾ?" ಎಂದಳು. ಅವಳಿಗೆ ವಿಂಗಡಣೆಯ ತತ್ವ ವಿವರಿಸಿದೆ. ಪೂರ್ತಿ ಕೇಳಲಿಲ್ಲ, ಒಲೆಯ ಮೇಲೆ ಏನೋ ಇದೆಯಂತೆ.

ಇಷ್ಟು ವರ್ಷ ನಾನು ಅರ್ಧ ಮಿದುಳಿನಲ್ಲಿ ಬದುಕಿದೆ. ಉಳಿದವರು ಕಾಲು ಮಿದುಳಿನಲ್ಲಿ ಬದುಕುತ್ತಿದ್ದಾರೆ. ಈ ದೇಶ ಹೀಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

೨೨ ಮಾರ್ಚ್, ಆದಿತ್ಯವಾರ

ಇಂದಿನಂಥ ಅರ್ಥ ನಾನು ಜೀವಮಾನದಲ್ಲಿ ಹೇಳಿಲ್ಲ. ಪ್ರಸಂಗದಂತೆ ನನ್ನದು ಸೋಲುವ ಪಾತ್ರ. ಸೋಲಲಿಕ್ಕೆ ನನಗೆ ಒಂದು ಕಾರಣವೂ ಸಿಗಲಿಲ್ಲ. ಎದುರು ಕುಳಿತವರು ಅಜ್ಜಾವರದ ಅಚ್ಚುತ. ಇಪ್ಪತ್ತು ವರ್ಷದ ಜೊತೆಗಾರ. ಅವರು ಒಂದು ಹೇಳಿದರೆ ನನಗೆ ಏಳು ಉತ್ತರ ಕಾಣುತ್ತಿತ್ತು, ಏಳನ್ನೂ ಹೇಳಿದೆ. ನನ್ನ ಹಳೆಯ ಪಟ್ಟು ಒಂದಿದೆ: ಎದುರಾಳಿ ಹೇಳಿದ್ದನ್ನು ಮೊದಲು ಧಾರಾಳವಾಗಿ ಒಪ್ಪಿಬಿಡುವುದು, ಅವನು ಕೇಳದೇ ಇದ್ದದ್ದನ್ನೂ ಸೇರಿಸಿ ಒಪ್ಪುವುದು, ಆಮೇಲೆ ಆ ಒಪ್ಪಿಗೆಯನ್ನೇ ಮೆಟ್ಟಿಲು ಮಾಡಿ ಅವನ ತಲೆಯ ಮೇಲೆ ಹತ್ತುವುದು. ಇಂದು ಐದು ಸಲ ಹತ್ತಿದೆ. ಶ್ಯಾಮ ಭಟ್ಟರು ಮೂರು ಬಾರಿ ತಾಳ ತಟ್ಟಿದ್ದಾರಂತೆ, ನನಗೆ ಕೇಳಲಿಲ್ಲ. ಎರಡು ಗಂಟೆಯಲ್ಲಿ ಮುಗಿಯಬೇಕಾದದ್ದು ನಾಲ್ಕು ಗಂಟೆ ಹಿಡಿಯಿತು. ಕೊನೆಗೆ ಅಚ್ಚುತರು ಸುಮ್ಮನಾದರು.

ಹೊರಗೆ ಬಂದು ಶ್ಯಾಮ ಭಟ್ಟರು, "ಮೇದಪ್ಪ ಮಾಷ್ಟ್ರೆ, ಪ್ರಸಂಗ ಮುಂದೆ ಹೋಗ್ಬೇಕು ಮಾರಾಯ್ರೆ. ಕಥೆಯಲ್ಲಿ ಸತ್ತವ ಏಳ್ಳಿಕ್ಕೆ ಆಗುದಿಲ್ಲ," ಎಂದರು. ಎಲ್ಲರೂ ನಕ್ಕರು. ನಾನು ಅವರಿಗೆ ಅಲ್ಲಿಯೇ ಉತ್ತರ ಕೊಟ್ಟೆ. ಬಸ್ಸು ಬಂತೆಂದು ಅವರು ಹೋದರು.

೨೯ ಮಾರ್ಚ್, ಆದಿತ್ಯವಾರ

ಹಾಜರಿ ಪುಸ್ತಕದ ಪರೀಕ್ಷೆ ಮತ್ತೊಮ್ಮೆ. ಹೋದ ಸಲ ಇಪ್ಪತ್ತು ಹೆಸರಿಗೆ ಹನ್ನೊಂದು ನಿಮಿಷ ಬೇಕಾಗಿತ್ತು. ಇಂದು ನಾಲ್ಕೇ ನಿಮಿಷ. ಒಂದು ಕಡೆಯೂ ತಡವರಿಸಲಿಲ್ಲ.

ಕಮಲಾವತಿಯ ಪ್ರಕಾರ ಹದಿಮೂರು ಸರಿ. ನಾನು ಪುಸ್ತಕ ತೆಗೆದು ನೋಡಿದೆ. ಏಳು ಕಡೆ ನಕಲು ಮಾಡುವಾಗಲೇ ತಪ್ಪಾಗಿದೆ. ಒಂಬತ್ತನೆಯ ನಂಬರಿನವನು ಪುಸ್ತಕದಲ್ಲಿರುವ ತಿಮ್ಮಪ್ಪನಲ್ಲ, ಬೇರೆ ಹುಡುಗ. ಅವನ ಮುಖ, ಅಂಗಿಯ ಹರಿದ ಜೇಬು, ಎಲ್ಲ ಕಾಣುತ್ತಿರುವಾಗ ಪುಸ್ತಕವನ್ನು ಏಕೆ ನಂಬಲಿ?

"ಅದು ನಿಮ್ದೇ ಅಕ್ಷರ ಅಲ್ಲಾ?" ಎಂದಳು.

ಆಗ ನನಗೆ ನಿದ್ದೆ ಸಾಲದೆ ಬರೆದಿರಬೇಕು.

೪ ಏಪ್ರಿಲ್, ಶನಿವಾರ

ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅಹ್ಮದ್ ಕುಂಞಿ ಕೊಡುವಾಗ ಮುಖ ನೋಡುವುದಿಲ್ಲ. ಎರಡನೆಯ ಕಟ್ಟಿನ ಮಾತ್ರೆಗೆ ಮೊದಲಿನ ಬಲವಿಲ್ಲ. ಬೇರೇನೋ ಬೆರೆಸಿದ್ದಾನೆಯೇ ಎಂದು ನೇರವಾಗಿ ಕೇಳಿದೆ. "ನಿಮಗೆ ಸುಳ್ಳು ಕೊಟ್ರೆ ನನಗೆ ಅನ್ನ ಹುಟ್ಟುದಿಲ್ಲ ಮಾಷ್ಟ್ರೆ, ಆದ್ರೆ ನೀವು ಕನ್ನಡಿ ನೋಡಿ," ಎಂದ. ಕನ್ನಡಿ ನೋಡಿದೆ. ತೆಳ್ಳಗಾಗಿದ್ದೇನೆ. ಒಳ್ಳೆಯದೇ. ನಿದ್ದೆ ಮೂರು ಗಂಟೆ ಸಾಕಾಗುತ್ತದೆ. ಹಲ್ಲು ಕಡಿಯುತ್ತೇನೆಂದು ಕಮಲಾವತಿ ಹೇಳುತ್ತಾಳೆ. ಎಚ್ಚರವಿರುವವನು ಹಲ್ಲು ಕಡಿಯುವುದಕ್ಕೆ ಏನು ಹೆಸರಿದೆಯೋ. ಪತ್ರಗಳಿಗೆ ಉತ್ತರವಿಲ್ಲ. ಟಪಾಲಿನವನ ಮೇಲೆ ಕಣ್ಣಿಟ್ಟಿದ್ದೇನೆ.

ಮುಖ್ಯ ವಿಷಯ ಇದಲ್ಲ. ಮೂವತ್ತೊಂದರ ಆ ದಿನ ಪೂರ್ತಿಯಾಗಿ ಸಿಕ್ಕಿತು.

ದೂಮಣ್ಣರು ಅಂಗಳದಲ್ಲಿದ್ದರು. ಇಷ್ಟು ದಿನ ಇದು ಹೇಗೆ ಮರೆತಿತ್ತೋ. ಮೂಡು ಬದಿಯ ಕಟ್ಟೆಯ ಮೇಲೆ, ಹೆಗಲಿಗೆ ಬಿಳಿ ಶಾಲು, ಎಡಗೈಯಲ್ಲಿ ಎಲೆಯಡಿಕೆಯ ಚೀಲ. ಬಿಸಿಲು ಅವರ ಬೆನ್ನಿಗಿತ್ತು. ನಾನು ಕೈಮುಗಿದೆ. ಅವರು, "ಹೋಗಿ ಮಾಷ್ಟ್ರೆ, ಇದು ನಾನು ಜನಕ್ಕೆ ಬಿಟ್ಟ ದಾರಿ," ಎಂದರು. ಧ್ವನಿ ಈಗಲೂ ಕಿವಿಯಲ್ಲಿದೆ. ಎಂಥ ಮನುಷ್ಯ. ಅವರ ಹೊಟ್ಟೆಯಲ್ಲಿ ಈ ಮಹಾಬಲ.

೧೦ ಏಪ್ರಿಲ್, ಶುಕ್ರವಾರ

ಬೆಳಿಗ್ಗೆ ದೇವಮ್ಮ ಹಾಲು ತಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ. ಅವಳಿಗೆ ದೂಮಣ್ಣರ ವಿಷಯ ಹೇಳಿದೆ. ಪಾತ್ರೆ ಹಿಡಿದುಕೊಂಡು ನಿಂತಳು.

"ಹಾಂಗೆ ಹೇಳ್ದವಾ ಅವು? ನನ್ನ ಮಾವ ಯಾವತ್ತೂ ಹೇಳಿತ್ಲೆ."

"ನಿನ್ನ ಮಾವ ಅಲ್ಲಿರಲಿಲ್ಲ. ನಾನಿದ್ದೆ."

"ನಿಮ್ಗೆ ನೆನಪು ಉಟ್ಟಲ್ಲ, ಅದೇ ನಂಗೆ ಧೈರ್ಯ," ಎಂದು ಹೋದಳು.

ಮಧ್ಯಾಹ್ನ ಪುತ್ತೂರಿಗೆ ಹೋಗಿ ರಾಧಾಕೃಷ್ಣರಿಗೂ ಹೇಳಿದೆ. ಅವರ ಮುಖ ಬಿಳಿಚಿತು. "ಇದು ಹೋದ ಸಲ ಇರಲಿಲ್ಲ ಮಾಷ್ಟ್ರೆ."

"ಹೋದ ಸಲ ನನಗೆ ಪೂರ್ತಿ ನೆನಪಿರಲಿಲ್ಲ."

"ಇದು ಆದದ್ದಾ?"

"ನಾನು ಸುಳ್ಳು ಹೇಳುವವನಾ?"

"ಆದದ್ದಾದರೆ ನಾನು ಸುಳ್ಳು ಹೇಳಿ ಅಂತ ಹೇಳುದಿಲ್ಲ. ನನ್ನ ಬಾಯಿಂದ ಆ ಪ್ರಶ್ನೆ ಬರುದಿಲ್ಲ. ಅವರ ವಕೀಲನಿಗೂ ಇದು ಗೊತ್ತಿಲ್ಲ, ಅವನೂ ಕೇಳ್ಲಿಕ್ಕಿಲ್ಲ. ಕೇಳದ್ದನ್ನು ನೀವಾಗಿ ಹೇಳ್ಬೇಡಿ. ಬಿಟ್ಟು ಕೊಟ್ಟ ದಾರಿ ಅಂದ್ರೆ ದಾಕ್ಷಿಣ್ಯದ ದಾರಿ. ದೇವಮ್ಮ ಮುಳುಗ್ತಾಳೆ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ನನ್ನನ್ನು ಮೂರನೆಯ ತರಗತಿಯ ಹುಡುಗನೆಂದು ತಿಳಿದಿದ್ದಾರೆ. ವಕೀಲರಿಗೆ ಭಯ ಹೆಚ್ಚು, ವಾದ ಕಡಿಮೆ.

೧೬ ಏಪ್ರಿಲ್, ಗುರುವಾರ

ಬಸ್ಸಿನಲ್ಲಿ ಹೊರಡುವಾಗ ಎರಡು. ಕೋರ್ಟಿನ ಜಗಲಿಯಲ್ಲಿ ಇನ್ನೊಂದು, ಏಕೆಂದರೆ ಕರೆಯುವಾಗ ಹನ್ನೆರಡು ಗಂಟೆ ದಾಟಿತ್ತು. ಅಲ್ಲಿಯವರೆಗೆ ಜಗಲಿಯಲ್ಲಿ ಆಚೆಈಚೆ ನಡೆದೆ. ದೇವಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು, ಹೊಸ ಸೀರೆ.

ನಮ್ಮವರು ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಹೇಳಿ ಮುಗಿಸಿದೆ. ಆರು ಪ್ರಶ್ನೆ. ಯಾರು ಬೇಕಾದರೂ ಹೇಳಬಹುದಾದದ್ದು. ಆಮೇಲೆ ಮಹಾಬಲನ ವಕೀಲ ಎದ್ದ. ಮಂಗಳೂರಿನಿಂದ ಬಂದ ಎಳೆಯ, ತಲೆಗೆ ಎಣ್ಣೆ ಹೆಚ್ಚು. ಮೊದಲು ನಾನು ಸುಳ್ಳು ಹೇಳುತ್ತಿದ್ದೇನೆಂದು ಮೂರು ವಿಧದಲ್ಲಿ ಸೂಚಿಸಿದ. ಮೂರಕ್ಕೂ ಉತ್ತರ ಕೊಟ್ಟೆ. ಜನಗಣತಿಯ ಕ್ರಮ, ನಂಬರು ಬರೆಯುವ ಕೆಮ್ಮಣ್ಣು, ಆಗಿನ ತಹಶೀಲ್ದಾರರ ಮೀಸೆ. ಮುನ್ಸೀಫರು, "ಕೇಳಿದ್ದಕ್ಕೆ ಮಾತ್ರ ಹೇಳಿ," ಎಂದರು. ಹಿಂದಿನ ಬೆಂಚಿನಲ್ಲಿ ಜನ ನಗುತ್ತಿದ್ದರು. ಸಭೆ ನನ್ನ ಕೈಗೆ ಬಂದದ್ದು ನನಗೆ ತಿಳಿಯುತ್ತದೆ.

ಆಗ ಅವನು ದಾರಿ ಬದಲಿಸಿದ. "ತಾವು ದೊಡ್ಡ ಅರ್ಥಧಾರಿಗಳಂತೆ. ಕೇಳಿದ್ದೇನೆ. ಹಾಗಾದರೆ ಇದನ್ನು ಹೇಳಿ: ನನ್ನ ಕಕ್ಷಿದಾರರ ತಂದೆ ದೂಮಣ್ಣನವರು ಒಳ್ಳೆಯವರೋ ಕೆಟ್ಟವರೋ?"

ಏನು ಪ್ರಶ್ನೆ. ಎದುರಾಳಿ ತಾನಾಗಿ ಮೆಟ್ಟಿಲು ತಂದು ಇಡುತ್ತಿದ್ದಾನೆ. ಎಲ್ಲ ಒಂದೇ ಕ್ಷಣದಲ್ಲಿ ಕಂಡಿತು. ಮೊದಲಿನಿಂದ ಕೊನೆಯವರೆಗೆ, ಅಲ್ಪವಿರಾಮ ಸಹಿತ.

"ಒಪ್ಪಿದೆ," ಎಂದೆ. "ಒಳ್ಳೆಯವರು. ನೀವು ಕೇಳಿದ್ದಕ್ಕಿಂತ ಹೆಚ್ಚೇ ಒಪ್ಪುತ್ತೇನೆ. ಆ ನೆಲ ಅವರದೆಂದು ಒಪ್ಪುತ್ತೇನೆ. ಆ ದಾರಿಯನ್ನು ಅವರೇ ಬಿಟ್ಟುಕೊಟ್ಟರೆಂದು ಒಪ್ಪುತ್ತೇನೆ. ಒಪ್ಪುವುದೇನು, ನಾನೇ ಕಂಡಿದ್ದೇನೆ." ರಾಧಾಕೃಷ್ಣರು ಕುರ್ಚಿಯಿಂದ ಎದ್ದರು, ನನ್ನ ಕಣ್ಣು ಅತ್ತ ಇರಲಿಲ್ಲ. ಬಿಳಿ ಶಾಲು, ಎಲೆಯಡಿಕೆಯ ಚೀಲ, ಬೆನ್ನಿಗಿದ್ದ ಬಿಸಿಲು, ಅವರ ಮಾತು ಅವರದೇ ಧ್ವನಿಯಲ್ಲಿ. ಕೋರ್ಟಿನಲ್ಲಿ ಟೈಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ಈಗ ನನ್ನ ಪ್ರಶ್ನೆ," ಎಂದೆ. "ತಂದೆ ದಾನ ಕೊಟ್ಟ ದಾರಿಗೆ ಮಗ ಬೇಲಿ ಹಾಕಿದರೆ ಆ ಬೇಲಿ ಯಾರ ಎದೆಗೆ ಚುಚ್ಚುತ್ತದೆ?"

ಹುಡುಗನ ಬಾಯಿ ಕಟ್ಟಿತು. "ಇನ್ನು ಪ್ರಶ್ನೆಗಳಿಲ್ಲ," ಎಂದು ಕುಳಿತುಬಿಟ್ಟ. ಮಂಗಳೂರಿನ ವಕೀಲನನ್ನು ಒಂದೇ ಮಾತಿನಲ್ಲಿ ಕೂರಿಸಿದೆ.

ರಾಧಾಕೃಷ್ಣರು ಎದ್ದು ಏನೇನೋ ತಿರುಗಿಸಿ ಕೇಳಿದರು: ಅದು ಒಪ್ಪಿಗೆಯಲ್ಲ, ವಾದಕ್ಕೆ ಹೇಳಿದ್ದಲ್ಲವೇ, ಎಂದು. ಕಂಡದ್ದು ಕಂಡದ್ದೇ ಎಂದೆ. ಜಗಲಿಗೆ ಬಂದ ಮೇಲೆ ಅವರು ನನ್ನೊಡನೆ ಬಸ್ಸಿನ ಹೊತ್ತು ಬಿಟ್ಟು ಬೇರೇನೂ ಮಾತಾಡಲಿಲ್ಲ. ಹೊಗಳಲು ಎಲ್ಲರಿಗೂ ಮನಸ್ಸು ಬರುವುದಿಲ್ಲ. ದೇವಮ್ಮ ಮಾತ್ರ, "ಎಷ್ಟು ಚೆಂದ ಹೇಳ್ದರಿ ಮಾಷ್ಟ್ರೆ, ನಂಗೆ ಅಳು ಬಂತ್," ಎಂದಳು.

ಇನ್ನೂ ಬರೆಯುವುದಿದೆ.

೧೭ ಏಪ್ರಿಲ್, ಶುಕ್ರವಾರ

ಮಾತ್ರೆ ಮುಗಿದಿದೆ. ಅಂಗಡಿ ಜುಮ್ಮಾಕ್ಕೆ ಮುಚ್ಚಿತ್ತು. ಮಲಗಿದೆ.

೨೫ ಏಪ್ರಿಲ್, ಶನಿವಾರ

ಅಹ್ಮದ್ ಕುಂಞಿ ಕೊಡಲಿಲ್ಲ. "ಡಬ್ಬಿಯನ್ನು ಹೊಳೆಗೆ ಬಿಸಾಡಿದೆ ಮಾಷ್ಟ್ರೆ. ಬೈಯುದಾದ್ರೆ ಬೈದು ಹೋಗಿ." ಬೈದೆ. ನನ್ನ ಶಿಷ್ಯನೆಂದು ಹೇಳಬೇಡ ಎಂದೂ ಹೇಳಿದೆ. ಅವನು ಎದ್ದು ನಿಂತೇ ಕೇಳಿದ, ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ.

೯ ಮೇ, ಶನಿವಾರ

ದಿನಕ್ಕೆ ಹನ್ನೆರಡು ಗಂಟೆ ನಿದ್ದೆ. ಎದ್ದರೆ ಅನ್ನ. ಚಾವಡಿಯ ಪತ್ರಿಕೆಗಳನ್ನು ಕಮಲಾವತಿ ಗೋಣಿಯಲ್ಲಿ ತುಂಬಿಸಿ ಅಟ್ಟಕ್ಕೆ ಹಾಕಿದಳು. ಬೇಡ ಎನ್ನಲು ಮನಸ್ಸಾಗಲಿಲ್ಲ. ಎಲ್ಲ ಮಾತ್ರೆಯಿಂದ ಎನ್ನುತ್ತಾಳೆ. ಬೇಸಗೆಯ ಸೆಕೆ ಎಂದು ನನ್ನ ಅಭಿಪ್ರಾಯ.

೧೨ ಜೂನ್, ಶುಕ್ರವಾರ

ರಜೆ ಮುಗಿದು ಕೋರ್ಟು ತೆರೆಯಿತು. ತೀರ್ಪು ಬಂತು. ದೇವಮ್ಮ ಸೋತಳು.

ರಾಧಾಕೃಷ್ಣರ ಗುಮಾಸ್ತ ನಕಲು ತಂದು ಓದಿದ. ವಾದಿಯ ಪರವಾದ ಏಕೈಕ ಸ್ವತಂತ್ರ ಸಾಕ್ಷಿ, ವಿದ್ಯಾವಂತ, ನಿವೃತ್ತ ಮುಖ್ಯೋಪಾಧ್ಯಾಯ, ಅಸಾಧಾರಣ ನೆನಪುಳ್ಳವನು. ದಾರಿ ಮಾಲೀಕನ ಅನುಮತಿಯಿಂದ ಬಿಟ್ಟದ್ದೆಂದು ಅವನೇ ಸ್ಪಷ್ಟವಾಗಿ ಹೇಳಿರುವುದರಿಂದ ಹಕ್ಕಿನ ಪ್ರಶ್ನೆ ಏಳುವುದಿಲ್ಲ.

ನಾನು ಒಪ್ಪಿದ್ದು ವಾದಕ್ಕೆ. ಒಪ್ಪಿ ಆಮೇಲೆ ಮುರಿದೆ. ಮುರಿದ ಭಾಗವನ್ನು ಟೈಪು ಮಾಡಿಯೇ ಇಲ್ಲ. ಈ ಬಗ್ಗೆ ಪತ್ರಿಕೆಗೆ ಬರೆಯಲು ಕುಳಿತೆ. ಒಂದು ವಾಕ್ಯವೂ ನಿಲ್ಲಲಿಲ್ಲ.

೧೪ ಜೂನ್, ಆದಿತ್ಯವಾರ

ಮಹಾಬಲ ಮನೆಗೆ ಬಂದ. ಮಳೆಯಲ್ಲಿ, ಕೊಡೆ ಮಡಚಿ, ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು. ಹೊರಗೆ ಹಾಕಬೇಕೆಂದಿದ್ದೆ. ಅವನ ಕಣ್ಣು ಒದ್ದೆಯಾಗಿತ್ತು, ಮಳೆಯಿಂದಲ್ಲ.

"ಕೇಸಿನ ವಿಷಯಕ್ಕೆ ಬಂದದ್ದಲ್ಲ ಮಾಷ್ಟ್ರೆ. ನಮ್ಮ ಅಪ್ಪನ ಬಗ್ಗೆ ಅಷ್ಟು ಒಳ್ಳೆ ಮಾತು ಯಾರೂ ಹೇಳಿಲ್ಲ. ನನಗೆ ಅವರ ಮುಖವೇ ನೆನಪಿಲ್ಲ. ನೀವು ಹೇಳುವಾಗ ಕಂಡ ಹಾಗೆ ಆಯ್ತು."

ಕೂತುಕೋ ಎಂದೆ. ಕಮಲಾವತಿ ಕಾಫಿ ತಂದಳು.

"ಅಮ್ಮನಿಗೆ ಹೇಳಿದೆ. ಅವರಿಗೆ ಪ್ರಾಯ ಆಯ್ತು, ಎಲ್ಲ ಹೆಚ್ಚು ಕಡಿಮೆ. ಅಪ್ಪನಿಗೆ ಆ ವರ್ಷ ಮಕರ ತಿಂಗಳಲ್ಲಿ, ಸಂಕ್ರಾಂತಿ ಕಳೆದದ್ದೇ, ವಾತ ಹೊಡೆದು ಒಂದು ಬದಿ ಬಿದ್ದು ಹೋಗಿತ್ತು, ಮತ್ತಿನ ಮಳೆಗಾಲದವರೆಗೆ ಹಾಸಿಗೆ ಬಿಟ್ಟು ಏಳ್ಲಿಲ್ಲ, ಮಾತೇ ಇರ್ಲಿಲ್ಲ ಅಂತ ಹೇಳ್ತಾರೆ. ವರ್ಷ ತಪ್ಪಿರ್ಬೇಕು ಅವರಿಗೆ. ನೀವು ಕಣ್ಣಾರೆ ಕಂಡವರಲ್ವಾ."

"ಯಾವ ವರ್ಷ ಎನ್ನುತ್ತಾರೆ?"

"ಜನಗಣತಿಯ ವರ್ಷವೇ. ಹೆಸರು ಬರೀಲಿಕ್ಕೆ ಬಂದವರಿಗೆ ಹಾಸಿಗೆಯಲ್ಲಿದ್ದವರ ಹೆಸರು ಹೇಳಿದ್ದು ನೆನಪುಂಟಂತೆ."

ಅವನು ಹೋದ ಮೇಲೆ ಬಾಗಿಲು ಹಾಕಿ ಕುಳಿತೆ. ಆ ಅಂಗಳವನ್ನು ಮತ್ತೆ ತರಿಸಿಕೊಂಡು ನೋಡಿದೆ. ಶಾಲು ಕಾಣುತ್ತದೆ. ಬಿಸಿಲು ಕಾಣುತ್ತದೆ. ಶಾಲಿನೊಳಗೆ ಮನುಷ್ಯ ಇಲ್ಲ.

೧೮ ಜೂನ್, ಗುರುವಾರ

ನಿನ್ನೆ ಪುತ್ತೂರಿಗೆ ಹೋಗಿ ರಾಧಾಕೃಷ್ಣರಿಗೆ ಹೇಳಿದೆ. ಅವರು ಕಟ್ಟು ಬಿಚ್ಚಿ ನನ್ನ ಹೇಳಿಕೆಯ ಪುಟ ತೆಗೆದಿಟ್ಟರು. "ಅಪೀಲಿನಲ್ಲಿ ನಿಮ್ಮನ್ನು ಮತ್ತೆ ಕರೆಯುದಿಲ್ಲ. ಕರೆದರೂ, ಆಗ ಕಂಡೆ ಈಗ ಕಾಣಲಿಲ್ಲ ಅಂದ್ರೆ ನೀವು ಆ ದಾರಿಯಲ್ಲಿ ನಡೆದ ಮಾತೂ ಬಿದ್ದು ಹೋಗ್ತದೆ. ಬರೆದದ್ದು ಬರೆದದ್ದೇ ಮಾಷ್ಟ್ರೆ."

ಇಂದು ದೇವಮ್ಮನ ಮನೆಗೆ ಹೋದೆ. ಹೊಳೆ ದಾಟಿ ಗುಡ್ಡ ಸುತ್ತಿ. ನೀರು ತೊಡೆಯವರೆಗಿತ್ತು, ನಡುವಿನ ಕಲ್ಲಿನಲ್ಲಿ ಒಮ್ಮೆ ಕುಳಿತೆ. ಹಟ್ಟಿಯಲ್ಲಿ ದನಗಳಿರಲಿಲ್ಲ. ಜಾಗ ಮಹಾಬಲನಿಗೇ ಕೊಡುವುದೆಂದು ಮಾತಾಗಿದೆ. ಅವಳು ಮಗಳು ನೀಲಾವತಿಯ ಮನೆಗೆ, ಅಜ್ಜಾವರಕ್ಕೆ ಹೋಗುತ್ತಾಳೆ. ಚಾಪೆ ಸುತ್ತಿ ಹಗ್ಗ ಕಟ್ಟುತ್ತಿದ್ದಳು.

ಹೋಗುವ ದಾರಿಯಲ್ಲಿ ಹೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. ಕೊನೆಗೆ ಇಷ್ಟೇ ಹೇಳಿದೆ: "ದೇವಮ್ಮ, ಆ ದಿನ ಅಂಗಳದಲ್ಲಿ ದೂಮಣ್ಣರು ಇರಲಿಲ್ಲ."

ಹಗ್ಗ ಬಿಗಿಯುತ್ತಲೇ ತಲೆ ಎತ್ತಿದಳು.

"ಇದ್ದೊ ಮಾಷ್ಟ್ರೆ. ಮೂಡು ಬದಿ ಕಟ್ಟೆಲಿ. ನೀವು ಹೇಳ್ದ ಮೇಲೆ ನಂಗೂ ನೆನಪಾತ್. ನಾನು ಮಜ್ಜಿಗೆ ತರಿಕೆ ಒಳಗೆ ಹೋಗ್ವಾಗ ಕಂಡದ್ದ್. ಬಿಳಿ ಶಾಲು."

"ಇಲ್ಲಿಂದ ಆ ಅಂಗಳ ಕಾಣುವುದಿಲ್ಲ."

"ಆಗ ಕಂಡ್ತಿತ್ತ್. ಮರ ಸಣ್ಣ ಇತ್ತಲ್ಲ."

"ಅವರು ಹಾಸಿಗೆ ಹಿಡಿದಿದ್ದರು. ನಾನು ಹೇಳಿದ್ದು ಆಗದೇ ಇದ್ದದ್ದು."

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಕೈಹಿಡಿದು ಜಗಲಿಯಲ್ಲಿ ಕೂರಿಸಿದಳು. "ನಿಮ್ಗೆ ಈಗ ಮರ್ತದೆ ಮಾಷ್ಟ್ರೆ. ಪ್ರಾಯ ಅಲ್ಲಾ. ಬೇಜಾರ್ ಮಾಡ್ಬೇಡಿ. ಇಷ್ಟು ವರ್ಷ ನಾವು ಅವರ ಜಾಗೆಲಿ ಕದ್ದು ನಡ್ದದ್ದಲ್ಲ, ಅವು ಬಾಯಿ ತುಂಬ 'ಹೋಗಿ' ಅಂತ ಹೇಳ್ದದ್ದು ಅಂತ ಗೊತ್ತಾತಲ್ಲ. ಅಷ್ಟು ಸಾಕ್ ನಂಗೆ."

ನಾನು ಮತ್ತೊಮ್ಮೆ ಹೇಳಿದೆ. ಅವಳು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು. ಆಮೇಲೆ ಗುಡ್ಡದ ಕಡೆ ಕಪ್ಪಾದದ್ದು ನೋಡಿ, "ಬೇಗ ಹೊರಡಿ, ನೀರು ಏರ್ದೆ," ಎಂದು ಹೊಳೆಯವರೆಗೂ ಜೊತೆಗೆ ಬಂದು, ನಾನು ಆಚೆ ದಡ ಮುಟ್ಟುವವರೆಗೆ ನಿಂತಿದ್ದಳು.